ಗೌರಕ್ಕನ ಕಿಟಕಿ ಮುಂದಿನ ಹೆಲಿಕಾಪ್ಟರ್

ಉಣಕಲ್ಲಿನ ದ್ಯಾಮಣ್ಣ ಮುದುಕಾದ ಮ್ಯಾಲೆ ರಿಮೋಟ್ ಹೆಲಿಕಾಪ್ಟರ್ ಹಾರಸೋದು ಕಲಿಯಾಕ ಹತ್ತಿದ್ದು, ಹಾಸಿಗಿ ಹಿಡಿದ ಹೆಂಡತಿ ಗೌರಕ್ಕನ್ನ ನಗಸಾಕ. ಅದು ಮೊಳದೆತ್ತರ ಏರಿ ಧಪ್ಪಂತ ಬೀಳ್ತಿತ್ತು. ಆ ಸಪ್ಪಳಕ್ಕ ಓಣಿ ಬೆಕ್ಕೆಲ್ಲಾ ಬಾಜೂಕಿನ ಬೈರಿದೇವರಕೊಪ್ಪಕ್ಕ ಬಿಡಾರ ಕಿತ್ತಿದ್ವಂತ. ಅಂವ ಮಾತ್ರ ಒಳಗ ಬಂದು, “ಕೆರಿ ದಾಟಿಸಿದೆ. ನಡುವ ಒಂದು ಕೊಕ್ಕರಿ ಹತ್ತಿ ಕುಂತಿತ್ತು,” ಅಂತಿದ್ದ.

“ಅದರ ಕಡೆ ಟಿಕೀಟ್ ಕೇಳಿದ್ರ್ಯೋ ಇಲ್ಲೋ?” ಆಕಿ ಕೆಮ್ಮಿಕೋತ ನಗತಿದ್ಲು. “ಒಮ್ಮೆ ನನ್ನ ಕಿಟಕಿ ಮುಂದ ಗಾಳ್ಯಾಗ ನಿಂದರಸ್ರಿ, ನೋಡತೇನಿ.”

ಹಾರಸೋದಕ್ಕಿಂತ ನಿಂದರಸೋದ ಕಠಿಣ. ಬೆರಳು ನಡುಗಿದ್ರ ಅದೂ ನಡುಗತೈತಿ. ಗೌರಕ್ಕನ್ನ ಮಣ್ಣು ಮಾಡಿ ಬಂದ ವಾರಕ್ಕ ಅದು ಆ ಕಿಟಕಿ ಮುಂದ ಅಲ್ಲಾಡದಂಗ ನಿಂತಿತು. ಬ್ಯಾಟರಿ ಮುಗಿಯೋತನಾ ದ್ಯಾಮಣ್ಣ ಇಳಸಲಿಲ್ಲ. ಆಮ್ಯಾಲೆ ರೂಢಿಲೆ ಒಳಗ ಹೋದ. ಮೊದಲನೇ ಸಲ ಹೇಳಾಕ ಖರೇ ಸುದ್ದಿ ಇತ್ತು. ಟಿಕೀಟ್ ಕೇಳಾಕ ಆಕಿ ಇದ್ದಿದ್ದಿಲ್ಲ.