ಬೇವಿನ ಎಲೆ ಹಿಂದಕ್ಕೆ ಬಂದ ದಿನ

ಸಿರುಗುಪ್ಪದಲ್ಲಿ ಮಳೆ ಬಾರದಿದ್ದರೂ ಹೊಳೆ ಬರುತ್ತದೆ. ಮೇಲೆ ಡ್ಯಾಮಿನ ಗೇಟು ತೆಗೆದರೆ ಇಲ್ಲಿ ಸುಡುವ ಬಿಸಿಲಲ್ಲೇ ನೀರು ಏರುತ್ತದೆ. ಆಗ ಊರಿನವರೆಲ್ಲ ಸೇತುವೆಯ ಕಡೆಗೆ ಓಡುತ್ತಾರೆ, ನೀರಿಗೆ ಬೆನ್ನು ಮಾಡಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನೂ ಎಷ್ಟೋ ವರ್ಷ ಹಾಗೆ ಓಡಿದವನೇ. ನಮ್ಮ ಓಣಿಗೆ ನೀರು ನುಗ್ಗುವುದು ಮುಂದಿನ ತುಂಗಭದ್ರೆಯಿಂದಲ್ಲ, ಹಿತ್ತಲ ಹಿಂದಿನ ಸಣ್ಣ ಹಳ್ಳದಿಂದ ಎಂದು ನನಗೆ ತೋರಿಸಿದವಳು ನನ್ನ ಹೆಂಡತಿ. ಹೊಳೆ ತುಂಬಿದಾಗ ಹಳ್ಳದ ನೀರಿಗೆ ಹೋಗಿ ಸೇರಲು ಜಾಗವಿರುವುದಿಲ್ಲ. ಅದು ತಿರುಗಿ ಮನೆಗಳ ಕಡೆಗೆ ಬರುತ್ತದೆ.

ಅವಳು ನನ್ನ ಅಕ್ಕನ ಮಗಳು. ಮದುವೆಯಾದ ಮೇಲೂ ನನ್ನನ್ನು ಮಾಮಾ ಎಂದೇ ಕರೆಯುತ್ತಿದ್ದಳು.

"ಮಾಮಾ, ಹೊಳಿ ನೋಡಾಕ ಊರಿಗೂರೇ ಹೋಗೈತಿ. ನೀ ಒಬ್ಬಾವರ ಹಳ್ಳ ನೋಡಾಕ ಬಾ."

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಒಂದು ಬೇವಿನ ಎಲೆಯನ್ನು ನೀರಿಗೆ ಬಿಡುತ್ತಿದ್ದಳು. ಎಲೆ ಹೊಳೆಯ ಕಡೆಗೆ ಹೋದರೆ ಮನೆಗೆ ಬಂದು ರೊಟ್ಟಿ ಬಡಿಯಲು ಕೂರುತ್ತಿದ್ದಳು. ನಿಂತಲ್ಲೇ ನಿಂತರೆ ಸಾಮಾನು ಅಟ್ಟಕ್ಕೆ. ಹಿಂದಕ್ಕೆ ಬಂದರೆ ಮನೆ ಬಿಡಬೇಕು, ಆಮೇಲೆ ಮಾತಿಲ್ಲ. ನಾನು ನಗುತ್ತಿದ್ದೆ. ಒಂದು ಸಲವೂ ಅವಳ ಎಲೆ ಸುಳ್ಳಾಗಲಿಲ್ಲ.

ಹೋದ ವರ್ಷದ ಚಳಿಗಾಲದಲ್ಲಿ ಅವಳು ಬಳ್ಳಾರಿಯ ಆಸ್ಪತ್ರೆಯಲ್ಲಿ ತೀರಿಕೊಂಡಳು. ಕಾಮಾಲೆ ಅಂದುಕೊಂಡಿದ್ದೆವು, ಅದಕ್ಕಿಂತ ದೊಡ್ಡದೇ ಆಗಿತ್ತು. ಅಕ್ಕನಿಗೆ ಅವಳೊಬ್ಬಳೇ ಮಗಳು. ಕುರುಗೋಡಿನಿಂದ ಮಣ್ಣಿಗೆ ಬಂದ ಅಕ್ಕ ತಿರುಗಿ ಹೋಗಲಿಲ್ಲ. ನಾನು ಅಕ್ಕಿ ಮಿಲ್ಲಿನ ಟ್ರ್ಯಾಕ್ಟರ್ ಹೊಡೆಯಲು ಹೋದಾಗ ಅವಳು ಬಾಗಿಲಲ್ಲೇ ಕುಳಿತಿರುತ್ತಿದ್ದಳು. ಸತ್ತವರ ವರ್ಷ ತುಂಬುವವರೆಗೆ ನಮ್ಮ ಮನೆತನದಲ್ಲಿ ಮನೆಗೆ ಬೀಗ ಹಾಕುವುದಿಲ್ಲ. ಹೋದ ಜೀವ ಬಂದರೆ ಬೀಗ ನೋಡಿ ತಿರುಗಿ ಹೋಗಬಾರದಂತೆ.

ಮಳೆಗಾಲ ಬಂತು. ಆ ಬೆಳಿಗ್ಗೆ ಆಟೋದಲ್ಲಿ ಮೈಕ್ ಕೂಗುತ್ತಾ ಹೋಯಿತು, "ಹೊಳಿ ದಂಡಿಗೆ ಯಾರೂ ಹೋಗಬ್ಯಾಡ್ರಿ, ದನಾಕರಾ ಬಿಡಬ್ಯಾಡ್ರಿ." ಓಣಿಯ ಗಂಡಸರು ಅದನ್ನು ಕೇಳಿಯೇ ಹೊಳೆಯ ಕಡೆಗೆ ಹೊರಟರು. ನಾನು ಹಳ್ಳಕ್ಕೆ ಹೋದೆ. ಬಿಟ್ಟ ಎಲೆ ನಿಂತಲ್ಲೇ ಸುತ್ತಿತು.

ಮನೆಗೆ ಬಂದು ಹೆಂಡತಿ ಮಾಡುತ್ತಿದ್ದಂತೆಯೇ ಮಾಡಿದೆ. ನನಗೇ ಆಶ್ಚರ್ಯವಾಗುವಷ್ಟು ನೆನಪಿತ್ತು. ಜೋಳ, ಅಕ್ಕಿ, ಹಾಸಿಗೆ ಅಟ್ಟಕ್ಕೆ ಹೋದವು. ಸಿಲಿಂಡರ್ ನೀರಲ್ಲಿ ತೇಲುತ್ತದೆ, ಗೋಡೆಗೆ ಗುದ್ದುತ್ತದೆ ಎಂದು ಹೇಳುತ್ತಿದ್ದಳು. ಅದನ್ನು ಬಂದ್ ಮಾಡಿ ಕಿಟಕಿಯ ಸರಳಿಗೆ ಹಗ್ಗದಿಂದ ಬಿಗಿದೆ. ರೇಷನ್ ಕಾರ್ಡು, ಆಧಾರ್, ಅಕ್ಕನ ಬಿಪಿ ಗುಳಿಗೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಖಡಕ್ ರೊಟ್ಟಿಯ ಜೊತೆ ಒಂದೇ ಗಂಟು ಕಟ್ಟಿದೆ. ಕರೆಂಟಿನ ಮೇನ್ ಆರಿಸಿದೆ. ಮಧ್ಯಾಹ್ನ ಮತ್ತೆ ಹಳ್ಳಕ್ಕೆ ಹೋದೆ. ಈ ಸಲ ಎಲೆ ನನ್ನ ಕಾಲಿನ ಕಡೆಗೇ ಬಂತು, ನಿಧಾನವಾಗಿ, ಪರಿಚಯದವರು ಬಂದ ಹಾಗೆ.

ಅಕ್ಕ ಏಳಲಿಲ್ಲ. ಅವಳ ಮೊಣಕಾಲುಗಳು ಹತ್ತು ಹೆಜ್ಜೆಗೆ ಸೋಲುತ್ತವೆ. ಓಣಿಗೆ ನೀರು ಬಂದ ಮೇಲೆ ಅವಳನ್ನು ದಾಟಿಸುವುದು ನನ್ನಿಂದ ಆಗುವ ಕೆಲಸವಲ್ಲ.

"ಅಕ್ಕಾ, ಎಲಿ ಹಿಂದಕ ಬಂತು. ಏಳು."

"ನೀ ಹೋಗಪ. ಎಲಿ ಬಂತಂತ ಮಗಳ ಮನಿಗೆ ಕೀಲಿ ಜಡೀಲೇನು? ಅಕಿ ಬಂದು ಬಾಗಲದಾಗ ನಿಂತ್ರ ಯಾರ್ ತೆಗೀಬೇಕು?"

ಅಷ್ಟರಲ್ಲಿ ಪಕ್ಕದ ಮನೆಯಾಕೆ ತಲೆಯ ಮೇಲೆ ಗಂಟು ಹೊತ್ತು ಹೊರಬಂದಳು. ಬಾಗಿಲಿಗೆ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿದಳು.

"ಏನ್ರೀ ಅಕ್ಕಾರ, ಇನ್ನಾ ಇಲ್ಲೇ ಕುಂತೀರಲ್ಲ! ಕಾಳಜಿ ಕೇಂದ್ರ ತುಂಬಿದ್ರ ಸಾಲಿ ಹೊರಗ ಕುಂದ್ರಬೇಕಾಗತೈತಿ."

"ಗಂಜಿ ಕೇಂದ್ರ ಅನ್ನವಾ," ಎಂದಳು ಅಕ್ಕ. "ಹೆಸರು ಬದಲಿ ಮಾಡಿದ್ರ ಗಂಜಿ ಹೋಗಿ ಪಾಯಸ ಆಗತೈತೇನು?"

ಆಕೆ ನಗುತ್ತಾ ಹೋದಳು. ನಾನು ಆಕೆಯ ಬಾಗಿಲಿನ ಬೀಗವನ್ನೇ ನೋಡುತ್ತಿದ್ದೆ. ಅಂಥದೇ ಬೀಗ ನನ್ನ ಕೈಯಲ್ಲೂ ಇತ್ತು. ಯಾವಾಗ ಮೊಳೆಯಿಂದ ತೆಗೆದುಕೊಂಡೆನೋ ನನಗೇ ಗೊತ್ತಿಲ್ಲ. ಎಲ್ಲವನ್ನೂ ಹೆಂಡತಿಯಂತೆ ಮಾಡಿದೆನೆಂಬ ಹೆಮ್ಮೆಯಲ್ಲಿ ಕೊನೆಯದನ್ನು ಮರೆತಿದ್ದೆ. ಹೊಳೆ ಬಂದಾಗ ಅವಳು ಯಾವತ್ತೂ ಬೀಗ ಹಾಕಿದವಳಲ್ಲ. ಮುಂದಿನ ಬಾಗಿಲು, ಹಿತ್ತಲ ಬಾಗಿಲು ಎರಡನ್ನೂ ತೆರೆದು, ಬಡಿದುಕೊಳ್ಳದಂತೆ ಹಗ್ಗದಿಂದ ಕಟ್ಟಿ ಹೊರಡುತ್ತಿದ್ದಳು. ನಮ್ಮವು ಮಣ್ಣಿನ ಗೋಡೆಗಳು. "ಅಡ್ಡ ನಿಂತ್ರ ಗ್ವಾಡಿ ಕೆಡವತೈತಿ ಮಾಮಾ. ಹಾದಿ ಕೊಟ್ರ ಬಂದು ನೋಡಿ ಹೋಗತೈತಿ," ಎನ್ನುತ್ತಿದ್ದಳು.

ಬೀಗವನ್ನು ಮೊಳೆಗೆ ತಗುಲಿಸಿದೆ.

"ಅಕ್ಕಾ, ಕೀಲಿ ಹಾಕಾಂಗಿಲ್ಲ. ಎರಡೂ ಬಾಗಲಾ ತೆಗೆದಿಟ್ಟು ಹೋಗೂನು. ನಿನ್ನ ಮಗಳು ಪ್ರತಿ ಸಲ ಹಂಗ ಮಾಡ್ತಿದ್ಲು."

"ಖರೇನ? ಮತ್ತ ಕಳ್ಳರು?"

"ಎದಿಮಟ ನೀರಾಗ ಈಜಿಕೊಂತ ಬಂದು ಜೋಳ ಒಯ್ಯಾವ ಇದ್ರ ಒಯ್ಯಲಿ ಬಿಡು."

ಅಕ್ಕ ಒಳಗೆ ಗೋಡೆಯ ಮೇಲಿದ್ದ ಮಗಳ ಫೋಟೊ ನೋಡಿದಳು. ಆಮೇಲೆ ಕೈ ಚಾಚಿದಳು.

"ಎಬ್ಬಸು ಹಂಗಾರ. ಇಷ್ಟೊತ್ತು ಇದನ್ನ ಹೇಳಾಕ ನಿನಗೇನ್ ಧಾಡಿ ಬಂದಿತ್ತಲೇ ತಮ್ಮಾ?"

ತರಕಾರಿಯವನ ತಳ್ಳುಬಂಡಿ ಕೇಳಿ ತಂದು, ಅದರ ಮೇಲೆ ಅಕ್ಕನನ್ನೂ ಗಂಟನ್ನೂ ಕೂರಿಸಿ ದಿಬ್ಬದ ಮೇಲಿನ ಶಾಲೆಗೆ ತಳ್ಳಿಕೊಂಡು ಹೋದೆ. ದಾರಿಯುದ್ದಕ್ಕೂ ಅವಳು ಫೋಟೊವನ್ನು ಎದೆಗೆ ಅವುಚಿಕೊಂಡಿದ್ದಳು. ಹೊತ್ತು ಮುಳುಗುವ ಮೊದಲೇ ಓಣಿಯಲ್ಲಿ ನೀರು ನಿಂತಿತು. ಸೇತುವೆಗೆ ಹೋಗಿದ್ದವರು ಮಂಡಿಯುದ್ದ ನೀರಲ್ಲಿ ಹಾಸಿಗೆ ಹೊತ್ತು ಬಂದರು.

ಮೂರನೆಯ ದಿನ ನೀರು ಇಳಿಯಿತು. ಪಕ್ಕದ ಮನೆಯ ಹಿಂದಿನ ಗೋಡೆ ಬಿದ್ದಿತ್ತು. ಮುಂದಿನ ಬಾಗಿಲಿನ ಬೀಗ ಮಾತ್ರ ಹಾಕಿದಂತೆಯೇ ಇತ್ತು. ನಮ್ಮ ಗೋಡೆಗಳು ಸೊಂಟದವರೆಗೆ ನೆನೆದಿದ್ದವು, ಆದರೆ ನಾಲ್ಕೂ ನಿಂತಿದ್ದವು. ಹಿತ್ತಲ ಬಾಗಿಲಿನಿಂದ ಮುಂಬಾಗಿಲಿನವರೆಗೆ ನುಣ್ಣನೆಯ ಕೆಸರು, ಯಾರೋ ಸೀರೆಯ ಸೆರಗು ಎಳೆದುಕೊಂಡು ನಡೆದು ಹೋದ ಹಾಗೆ.

ಅಕ್ಕ ಹೊಸ್ತಿಲ ಹೊರಗೇ ನಿಂತು ಅದನ್ನು ನೋಡಿದಳು.

"ಬಂದ್ ಹೋಗ್ಯಾಳ ನೋಡು," ಎಂದಳು.

ಕೆಸರು ಹಸಿಯಿದ್ದಾಗಲೇ ಎಳೆದು ಹಾಕಬೇಕು, ಒಣಗಿದರೆ ನೆಲವನ್ನೇ ಕಿತ್ತುಕೊಂಡು ಏಳುತ್ತದೆ ಎಂದು ಹೆಂಡತಿ ಹೇಳುತ್ತಿದ್ದಳು. ಸಲಿಕೆ ತೆಗೆದುಕೊಂಡೆ. ನಮ್ಮ ಮನೆ ಮುಗಿಸಿ, ಸಂಜೆಗೆ ಪಕ್ಕದ ಮನೆಯದನ್ನೂ ಎಳೆದುಕೊಟ್ಟೆ. ಕೆಲಸ ನಡೆದಿರುವಾಗ ಆಕೆ ಕೇಳಿದಳು, "ಅಣ್ಣಾರ, ಆ ಎಲಿ ಎಲ್ಲಿ ನಿಂತು ಬಿಡತೀರಿ, ನನಗೂ ತೋರಸ್ರಿ."