ಚಪ್ಪಲಿ ಬಿಡೋ ಕಟ್ಟಿ

ಹಳೇ ಹುಬ್ಬಳ್ಳಿಯಾಗ ಬಳಿ ಮಾರೋ ಹುಸೇನಬಿಗೆ ಒಬ್ಬಾಕಿ ಮಗಳು, ಜೈನಬಿ. ಮೂವತ್ನಾಕನೇ ಇಸವಿಯಾಗ ಆಕೀನ ಸಾಲಿಗೆ ಹಾಕಿದ್ಲು. ಎಲ್ಲಾರೂ ಕೂಡಿ ಮಗ್ಗಿ ಒದರಾಕ ಹತ್ತಿದ್ರ ಆ ಕೂಸು ಕಿವಿ ಮುಚ್ಚಿಕೊಂಡು ಚೀರತಿತ್ತು. ಮಾಸ್ತರ ಹುಚ್ಚಿ ಅಂತ ಹೆಸರಿಟ್ಟು, ಹೊರಗ ಚಪ್ಪಲಿ ಬಿಡೋ ಕಟ್ಟಿ ಮ್ಯಾಲ ಕುಂಡ್ರಿಸಿದ್ರು. ಕಿವಿ ಮುಚ್ಚಿಕೊಂಡಾಕಿ ಹುಚ್ಚಿ ಅಂತ, ಒದರಸಾವ್ರು ಶಾಣ್ಯಾರಂತ. ಓಣಿ ಮಂದಿಯೇನು ಕಡಿಮಿ? ಗಾಳಿ ಬಡದೈತಿ, ದರ್ಗಾಕ್ಕ ಒಯ್ದು ಸರಪಳಿ ಹಾಕ್ರಿ ಅಂದ್ರು.

ಹುಸೇನಬಿ ಮರುದಿನ ಬಳಿ ಗಂಟು ಹೊತ್ತು ಸಾಲಿಗೆ ಬಂದು, ಚಪ್ಪಲಿ ನಡುವ ಮಗಳ ಬಾಜೂಕ ಕುಂತ್ಲು. ಬಳಿ ಇಡಿಸಿಕೊಳ್ಳೋ ಹೆಂಗಸರೆಲ್ಲ ಅಲ್ಲಿಗೇ ಬರಾಕತ್ತಿದ್ರು.

"ಏಳಬೇ, ಮಂದಿ ನೋಡಿದ್ರ ನಮಗ ನಾಚಿಕಿ" ಅಂದ್ರು ಮಾಸ್ತರ.

"ಕೂಸನ್ನ ಇಲ್ಲಿ ಕುಂಡ್ರಿಸಿದಾಗ ಆ ನಾಚಿಕಿ ಎಲ್ಲಿ ಹೋಗಿತ್ರಿ?"