ಲಕ್ಸರ್‌ನಲ್ಲಿ ನನ್ನ ವೀಲ್‌ಚೇರ್

ಆ ವೀಲ್‌ಚೇರಿನಲ್ಲಿ ಮೊದಲ ಸಲ ಕೂತದ್ದು ನನ್ನದೇ ಬುದ್ಧಿಯಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ನಾನು ಕಾರುವ ಬೆಂಕಿಯೆಲ್ಲ ಮಗ ಸೊಸೆಯ ತಲೆಯ ಮೇಲೆಯೇ ಬೀಳುತ್ತದೆ. ದಟ್ ವುಡ್ ನಾಟ್ ಬಿ ಫೇರ್.

ಆರು ವರ್ಷದ ಹಿಂದೆ ಬೇಸಿಗೆ ರಜೆಗೆಂದು ಮೈಸೂರಿಗೆ ಹೊರಟಿದ್ದೆವು. ಅಬುಧಾಬಿ ಏರ್‌ಪೋರ್ಟಿನಲ್ಲಿ ಚೆಕ್-ಇನ್ ಕ್ಯೂ ಹೊರಬಾಗಿಲಿನ ತನಕ ಬಂದಿತ್ತು. ಐದು ವರ್ಷದ ಮೊಮ್ಮಗಳು ರಚ್ಚೆ ಹಿಡಿದಿದ್ದಳು. ಅಷ್ಟರಲ್ಲಿ ನಮ್ಮ ಕಡೆಯವರದೇ ಒಂದು ಸಂಸಾರ ತಮ್ಮ ಅಜ್ಜಿಯನ್ನು ವೀಲ್‌ಚೇರಿನಲ್ಲಿ ಕೂರಿಸಿಕೊಂಡು, ಆರು ಜನ ಅವರ ಬೆನ್ನಿಗೇ ಅಂಟಿಕೊಂಡು, ಎಲ್ಲರನ್ನೂ ದಾಟಿ ಮುಂದೆ ಹೋಯಿತು. ಹಿಂದಿನ ವಾರವಷ್ಟೇ ಖಾಲಿದಿಯಾ ಬಡಾವಣೆಯ ಸೂಪರ್‌ಮಾರ್ಕೆಟಿನಲ್ಲಿ ಆ ಅಜ್ಜಿ ಐದು ಕೆಜಿ ಅಕ್ಕಿ ಎತ್ತಿಕೊಂಡು ಸರಸರ ನಡೆಯುವುದನ್ನು ನಾನು ಕಣ್ಣಾರೆ ಕಂಡಿದ್ದೆ.

"ನನಗೂ ಒಂದು ಹೇಳೋ," ಅಂದೆ ಮಗನಿಗೆ.

ತಮಾಷೆಗೆ ಅಂದದ್ದು. ಹತ್ತು ನಿಮಿಷದಲ್ಲಿ ಕುರ್ಚಿ ಬಂತು. ಅರ್ಧ ಗಂಟೆಯಲ್ಲಿ ನಾವು ಗೇಟಿನ ಹತ್ತಿರ ಕಾಫಿ ಕುಡಿಯುತ್ತಿದ್ದೆವು. ಎಲ್ಲರೂ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಅಂದಿನಿಂದ ಅದು ಮನೆಯ ಪದ್ಧತಿಯಾಯಿತು. ಗಲ್ಫಿನಲ್ಲಿ ನಮ್ಮವರ ಎಷ್ಟೋ ಮನೆಗಳಲ್ಲಿ ಈ ಪದ್ಧತಿಯಿದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ವಯಸ್ಸಾದವರ ಟಿಕೆಟ್ ಮಾಡುವಾಗ ವೆಜ್ ಮೀಲ್ ಒತ್ತುವ ಬೆರಳು ಅದರ ಕೆಳಗಿನ ವೀಲ್‌ಚೇರನ್ನೂ ಒತ್ತಿಯೇ ಮುಂದೆ ಹೋಗುತ್ತದೆ. ದಿನಾ ಬೆಳಿಗ್ಗೆ ಅಬುಧಾಬಿ ಹೊರವಲಯದ ಖಲೀಫಾ ಸಿಟಿಯ ನಮ್ಮ ವಿಲ್ಲಾದ ಸುತ್ತಿನ ರಸ್ತೆಯಲ್ಲಿ ಎಂಟು ರೌಂಡ್ ನಡೆಯುವ ನಾನು, ಏರ್‌ಪೋರ್ಟಿನ ಗಾಜಿನ ಬಾಗಿಲು ದಾಟಿದ ಕೂಡಲೇ ಒಂದು ಹೆಜ್ಜೆಯೂ ಇಡಲಾರದವಳಾಗುತ್ತಿದ್ದೆ. ಮುಖವನ್ನೂ ಸ್ವಲ್ಪ ಬಾಡಿಸಿಕೊಳ್ಳುತ್ತಿದ್ದೆ. ಕಾನ್ವೆಂಟಿನಲ್ಲಿ ನಾಟಕದ ಅಭ್ಯಾಸ ಆಗಿತ್ತಲ್ಲ!

ಹೋದ ಡಿಸೆಂಬರಿನ ನ್ಯಾಷನಲ್ ಡೇ ರಜೆಗೆ ಈಜಿಪ್ಟ್ ಎಂದು ತೀರ್ಮಾನವಾಯಿತು. ನಾಲ್ಕು ದಿನದ ಗ್ರೂಪ್ ಟೂರ್. ಅಬುಧಾಬಿ, ದುಬೈಯ ಕನ್ನಡದ ಸಂಸಾರಗಳು ಸೇರಿ ಒಟ್ಟು ಹದಿನಾಲ್ಕು ಜನ. ಮಗ ಬಂದು ಹೇಳಿದಾಗ ನಾನು ಖುಷಿಗೆ ತಟ್ಟೆಯ ಮುಂದಿನಿಂದ ಎದ್ದುಬಿಟ್ಟೆ.

ಅದಕ್ಕೊಂದು ಹಿನ್ನೆಲೆಯಿದೆ. ಮೈಸೂರಿನ ಕಾನ್ವೆಂಟಿನಲ್ಲಿ ನಮಗೆ ಹಿಸ್ಟರಿ ಹೇಳುತ್ತಿದ್ದ ಸಿಸ್ಟರ್ ಹತ್ತಿರ ಒಂದು ದೊಡ್ಡ ಪುಸ್ತಕವಿತ್ತು. ಅದರಲ್ಲಿ ಈಜಿಪ್ಟಿನ ಲಕ್ಸರಿನ ಒಬ್ಬ ದೊರೆಯ ಗೋರಿಯ ಚಾವಣಿ. ಕಡುನೀಲಿಯ ಮೇಲೆ ಹಳದಿಯಲ್ಲಿ ಆಕಾಶದೇವಿ ಉದ್ದಕ್ಕೆ ಮೈಚಾಚಿದ್ದಾಳೆ. ಸಂಜೆ ಸೂರ್ಯನನ್ನು ಬಾಯಿಂದ ನುಂಗುತ್ತಾಳೆ, ಇರುಳೆಲ್ಲ ಅವನು ಅವಳ ಮೈಯೊಳಗೆ ಪಯಣ ಮಾಡುತ್ತಾನೆ, ಬೆಳಗಾದರೆ ಅವಳೇ ಅವನನ್ನು ಹೆರುತ್ತಾಳೆ. ಕೈ ಶುದ್ಧವಾಗಿದ್ದ ಹುಡುಗಿಯರಷ್ಟೇ ಹತ್ತಿರ ಹೋಗಿ ನೋಡಬಹುದಾಗಿತ್ತು. ನನ್ನ ಬೆರಳಿಗೆ ಇಂಕ್ ಮೆತ್ತಿತ್ತು. "ಟುಮಾರೋ, ಚೈಲ್ಡ್," ಅಂದರು ಸಿಸ್ಟರ್. ಮರುದಿನ ಪುಸ್ತಕ ಬೇರೆ ಕ್ಲಾಸಿಗೆ ಹೋಗಿತ್ತು.

ಆಮೇಲೆ ಮದುವೆಯಾಗಿ ಅಬುಧಾಬಿಗೆ ಬಂದೆ. ಇಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಇಪ್ಪತ್ತೇಳು ವರ್ಷ ಆರನೇ ಕ್ಲಾಸಿಗೆ ಪ್ರಾಚೀನ ಈಜಿಪ್ಟ್ ಪಾಠ ಮಾಡಿದೆ. ಪಠ್ಯಪುಸ್ತಕದಲ್ಲಿ ಅದೇ ಚಾವಣಿ ಹೆಬ್ಬೆರಳ ಉಗುರಿನಷ್ಟು. ನಾನೇ ನೀಲಿ ಸೀಮೆಸುಣ್ಣದಲ್ಲಿ ಬೋರ್ಡಿನ ಈ ತುದಿಯಿಂದ ಆ ತುದಿಗೆ ಬರೆದು ತೋರಿಸುತ್ತಿದ್ದೆ. ನಮ್ಮ ಯಜಮಾನರು "ಮುಂದಿನ ರಜೆಗೆ ಹೋಗೋಣ ಕಣೇ" ಎನ್ನುತ್ತಿದ್ದರು. ಪ್ರತಿ ರಜೆಯೂ ಯಾರದ್ದಾದರೂ ಮದುವೆಗೋ ಗೃಹಪ್ರವೇಶಕ್ಕೋ ಊರಿಗೇ ಸಂದಿತು. ಅವರು ಹೋಗಿ ಒಂಬತ್ತು ವರ್ಷ.

ಟೂರಿನ ಪಟ್ಟಿಯಲ್ಲಿ ಆ ಗೋರಿಯಿತ್ತು. ಮೂರು ಸಲ ಓದಿ ಖಚಿತ ಮಾಡಿಕೊಂಡಿದ್ದೆ.

ಕೈರೋದಲ್ಲಿ ಇಳಿದಾಗ ಕುರ್ಚಿ ಕಾದಿತ್ತು. ಕೂತೆ. ಇಮಿಗ್ರೇಷನ್ನಿನ ಜನಜಂಗುಳಿಯನ್ನು ಬದಿಗೆ ಬಿಟ್ಟು ನಾವು ನಾಲ್ವರು ತೇಲಿಕೊಂಡು ಹೊರಬಂದೆವು. ನಮ್ಮ ಗುಂಪಿನ ಉಡುಪಿಯ ಹೆಂಗಸು ಮುಕ್ಕಾಲು ಗಂಟೆ ತಡವಾಗಿ, ಬೆವರು ಒರೆಸಿಕೊಳ್ಳುತ್ತಾ ಬಂದರು.

"ಎಂತ ಟೀಚರ್, ನಿಮಗೆ ಕಾಲು ನೋವು ಉಂಟಾ? ಮೊನ್ನೆ ಪಾರ್ಕಲ್ಲಿ ನನಗಿಂತ ಜೋರು ನಡೀತಾ ಇದ್ರಲ್ಲ ಮಾರಾಯ್ರೆ!"

ಸೊಸೆ ಬೇರೆ ಕಡೆ ನೋಡಿದಳು. ನಾನು, "ಆನ್ ಅಂಡ್ ಆಫ್," ಅಂದೆ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ನಮ್ಮ ಗೈಡ್ ನಲವತ್ತರ ಆಸುಪಾಸಿನ ಈಜಿಪ್ಟಿನವನು. ನನ್ನನ್ನು ಕಂಡಾಗಲೆಲ್ಲ ಎದೆಗೆ ಕೈಯಿಟ್ಟು "ಮಾಮಾ" ಎನ್ನುತ್ತಿದ್ದ, ಅಂದರೆ ಅಮ್ಮ. ಗೀಜಾದಲ್ಲಿ ಎಲ್ಲರೂ ಪಿರಮಿಡ್ಡಿನ ಸುತ್ತ ಹೋಗುವಾಗ ನನ್ನನ್ನು ನೆರಳಿರುವ ಒಂದು ಕೆಫೆಯಲ್ಲಿ ಕೂರಿಸಿ ಪುದೀನ ಚಹಾ ತರಿಸಿದ. ಎಷ್ಟು ಮರ್ಯಾದಸ್ಥ ಅಂದುಕೊಂಡೆ. ಪಿರಮಿಡ್ ಕೂತಲ್ಲಿಂದಲೇ ಕಾಣುತ್ತಿತ್ತು. ಆಗಲಾದರೂ ನನಗೆ ಹೊಳೆಯಬೇಡವೇ? ಹೊಳೆಯಲಿಲ್ಲ. ಸ್ಟುಪಿಡ್, ಸ್ಟುಪಿಡ್ ವುಮನ್.

ಮೂರನೆಯ ದಿನ ಲಕ್ಸರ್. ಮೊದಲು ನಮ್ಮನ್ನು ಒಂದು ಕಲ್ಲಿನ ಹೂಜಿಗಳ ಅಂಗಡಿಗೆ ಇಳಿಸಿದರು. ಅಲ್ಲಿ ಒಂದು ಗಂಟೆ ಹೋಯಿತು. ಹೂಜಿಯೊಳಗೆ ದೀಪ ಇಟ್ಟು ತೋರಿಸಿದರು, ಜನ ಚೌಕಾಸಿ ಮಾಡಿದರು, ನಾನು ಗಡಿಯಾರ ನೋಡಿದೆ. ಆಮೇಲೆ ಬೋಳುಗುಡ್ಡಗಳ ನಡುವೆ ದೊರೆಗಳ ಗೋರಿಗಳಿರುವ ಆ ಕಣಿವೆ. ಕೆಳಗಿನ ಗೇಟಿನಿಂದ ಪುಟ್ಟ ಬ್ಯಾಟರಿ ಗಾಡಿಯಲ್ಲಿ ಮೇಲೆ ಹೋದೆವು. ಗೋರಿಯ ಬಾಯಿ ಎದುರಿಗೇ ಇತ್ತು, ಗುಡ್ಡದಲ್ಲಿ ಕೊರೆದ ಒಂದು ಬಾಗಿಲು. ನಾನು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡೆ. ಕ್ಯಾನ್ವಾಸ್ ಶೂ ಹಾಕಿಕೊಂಡಿದ್ದೆ.

ಗೈಡ್ ಟಿಕೆಟ್ ಹಂಚಿದ. ಮೊಮ್ಮಗಳಿಗೆ ಕೊಟ್ಟ, ಸೊಸೆಗೆ ಕೊಟ್ಟ, ಮಗನಿಗೆ ಕೊಟ್ಟ. ನನ್ನ ಹತ್ತಿರ ಬಂದು ಎದೆಗೆ ಕೈಯಿಟ್ಟ.

"ಮಾಮಾ, ಯೂ ಸಿಟ್. ಶೇಡ್. ಐ ಬ್ರಿಂಗ್ ಟೀ."

"ನನ್ನ ಟಿಕೆಟ್ ಎಲ್ಲಿ?"

ಅವನು ತನ್ನ ಹಾಳೆ ಬಿಡಿಸಿ ತೋರಿಸಿದ. ನನ್ನ ಹೆಸರಿನ ಮುಂದೆ ವೀಲ್‌ಚೇರಿನ ಸಣ್ಣ ಚಿತ್ರ. ಈ ಗೋರಿಗೆ ಬೇರೆಯೇ ಟಿಕೆಟ್ ಬೇಕಂತೆ, ಅದನ್ನು ಕೆಳಗಿನ ಗೇಟಿನಲ್ಲೇ ತೆಗೆಯಬೇಕಂತೆ. ವೀಲ್‌ಚೇರಿನವರಿಗೆ ಇಳಿಯಲಾಗುವುದಿಲ್ಲ ಎಂದು ಅವನು ಹದಿಮೂರೇ ತೆಗೆದಿದ್ದ. ಅಬುಧಾಬಿಯಲ್ಲಿ ಒತ್ತಿದ ಒಂದು ಟಿಕ್, ವಿಮಾನದ ಕಂಪ್ಯೂಟರಿನಿಂದ ಟೂರಿನವರಿಗೆ, ಟೂರಿನವರಿಂದ ಇವನಿಗೆ, ಮರಳುಗಾಡು ದಾಟಿ ನನ್ನ ಮುಂದೆ ಬಂದು ನಿಂತಿತ್ತು. ಆ ಮನುಷ್ಯನದ್ದು ಎಳ್ಳಷ್ಟೂ ತಪ್ಪಿರಲಿಲ್ಲ. ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು.

"ಮಾಫಿ ಕುರ್ಸಿ!" ಎಂದು ಕೂಗಿದೆ. ಕುರ್ಚಿ ಬೇಡ! ಇಷ್ಟು ವರ್ಷ ಗಲ್ಫಿನಲ್ಲಿದ್ದು ನಾನು ಕಲಿತ ಅರೇಬಿಕ್ ಅಷ್ಟೇ. "ಐ ವಾಕ್! ನೋಡು, ಕಾಲು ನೋಡು!" ಅವನೆದುರು ಹತ್ತು ಹೆಜ್ಜೆ ನಡೆದು ತೋರಿಸಿದೆ, ಪರೇಡಿನಲ್ಲಿ ನಡೆದ ಹಾಗೆ. ಅವನು ಗಾಬರಿಯಿಂದ ಮಗನ ಕಡೆ ನೋಡಿದ.

"ಅಮ್ಮಾ, ಮೆಲ್ಲಗೆ. ಎಲ್ಲರೂ ನೋಡ್ತಿದಾರೆ."

"ನೋಡಲಿ. ಕೆಳಗೆ ಹೋಗಿ ಒಂದು ಟಿಕೆಟ್ ತೊಗೊಂಡು ಬಾ."

"ಹೋಗಿ ಬರೋಕೆ ಅರ್ಧ ಗಂಟೆ ಬೇಕಮ್ಮಾ. ಗಾಡಿಗೂ ಕ್ಯೂ ಇದೆ. ಒಂದೂವರೆಗೆ ಲಂಚ್."

"ಹೂಜಿ ಅಂಗಡೀಲಿ ಒಂದು ಗಂಟೆ ಇತ್ತು, ನನಗೆ ಅರ್ಧ ಗಂಟೆ ಇಲ್ವಾ?"

ಗುಂಪಿನಲ್ಲಿ ಯಾರೋ ಗಂಡಸು ಗಂಟಲು ಸರಿಪಡಿಸಿಕೊಂಡರು. "ಅಲ್ಲ ಆಂಟಿ, ಇಂಡಿಯನ್ ರೆಸ್ಟೋರೆಂಟ್ ಒಂದೇ ಇರೋದು ಇಲ್ಲಿ. ಮೊಸರನ್ನ ಮೊದಲೇ ಹೇಳಿಟ್ಟಿದೀವಿ. ಎರಡರ ಮೇಲೆ ಕಿಚನ್ ಬಂದ್ ಮಾಡ್ತಾರಂತೆ."

ಮೊಸರನ್ನ! ಮೂರು ಸಾವಿರ ವರ್ಷದಿಂದ ಆಕೆ ಅಲ್ಲಿ ದಿನಾ ಸೂರ್ಯನನ್ನು ನುಂಗುತ್ತಿದ್ದಾಳೆ, ಇವರಿಗೆ ಒಂದು ದಿನ ಮೊಸರನ್ನ ನುಂಗದೆ ಇರಲಾಗುವುದಿಲ್ಲ.

"ಅತ್ತೆ, ಪ್ಲೀಸ್, ಸೀನ್ ಬೇಡ," ಎಂದು ಸೊಸೆ ಹತ್ತಿರ ಬಂದು ಪಿಸುಗುಟ್ಟಿದಳು. "ಇವಾಗ ನೀವು ನಡೀತೀರ ಅಂತ ನಾವು ಹೇಳಿದ್ರೆ, ಏರ್‌ಪೋರ್ಟಲ್ಲಿ ಮಾಡಿದ್ದು ಏನು ಅಂತ ಎಲ್ಲರಿಗೂ ಗೊತ್ತಾಗಲ್ವಾ?"

ಅಲ್ಲಿಗೆ ಬಂತು. ನಾನು ನಡೆಯಬಲ್ಲೆ ಎನ್ನುವುದೇ ಈಗ ಮನೆಯ ಮಾನ ಕಳೆಯುವ ಗುಟ್ಟಾಗಿತ್ತು. ಅವಳಿಗೆ ಉತ್ತರ ಕೊಡಬೇಕೆಂದು ಬಾಯಿ ತೆರೆದೆ. ಅಬುಧಾಬಿಯಲ್ಲಿ ಕಾಫಿ ಕಪ್ ಹಿಡಿದು ಎಲ್ಲರಿಗಿಂತ ಜೋರಾಗಿ ನಕ್ಕ ಹೆಂಗಸು ಎದುರಿಗೆ ಬಂದು ನಿಂತಳು. ಹೋಗಿ ನೆರಳಿನ ಬೆಂಚಿನ ಮೇಲೆ ಕೂತೆ.

ಹದಿಮೂರು ಜನ ಇಳಿದರು. ಎದ್ದು ಬಾಗಿಲಿನ ತನಕ ಹೋದೆ. ಟಿಕೆಟ್ ನೋಡುವವನು ವಿನಯವಾಗಿ ಬೆಂಚಿನ ಕಡೆ ಕೈ ತೋರಿಸಿದ. ಒಳಗಿನಿಂದ ಬೆಚ್ಚಗಿನ ಗಾಳಿ ಬರುತ್ತಿತ್ತು, ಜನರ ಬೆವರಿನ ವಾಸನೆ. ಒಂದಷ್ಟು ದೂರದ ತನಕ ಗೋಡೆ ಕಾಣಿಸಿತು, ಬಣ್ಣದ ಸಾಲು ಆಕೃತಿಗಳು, ಆಮೇಲೆ ಇಳಿಜಾರು. ಅಷ್ಟೇ. ಬೆರಳು ನೋಡಿಕೊಂಡೆ, ಯಾಕೋ. ಇಂಕ್ ಇರಲಿಲ್ಲ. ಗೇಟಿನ ಟಿಕೆಟ್ಟಿನಲ್ಲೇ ಬೇರೆ ಕೆಲವು ಗೋರಿಗಳು ಸೇರಿದ್ದವಂತೆ, ಅದು ನನಗೂ ಇತ್ತು. ಬೇಡ ಅಂದೆ. ಗೈಡ್ ತಂದ ಚಹಾವನ್ನೂ ಮುಟ್ಟಲಿಲ್ಲ.

ಮೊದಲು ಹೊರಬಂದವರು ಉಡುಪಿಯವರು.

"ಎಂತ ಇಲ್ಲ ಟೀಚರ್, ಮೆಟ್ಟಿಲೂ ಇಲ್ಲ, ಇಳಿಜಾರು ಅಷ್ಟೆ. ಹಲಗೆ ಹಾಕಿದ್ದಾರೆ, ಹಿಡ್ಕೊಳ್ಳಿಕ್ಕೆ ಕಂಬಿ ಉಂಟು. ನೀವು ಆರಾಮ ಹೋಗಿ ಬರ್ಬಹುದಿತ್ತು."

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೂ ಅವರನ್ನು ಕ್ಷಮಿಸಲು ನನಗೆ ಒಂದು ವಾರ ಬೇಕಾಯಿತು.

ಹಿಂದೆಯೇ ಮೊಮ್ಮಗಳು. "ಅಜ್ಜಿ, ಯು ಶುಡ್ ಹ್ಯಾವ್ ಟೇಕನ್ ಮೈ ಟಿಕೆಟ್. ಇಟ್ ವಾಸ್ ಸೋ ಹಾಟ್. ಐ ವಾಸ್ ಬೋರ್ಡ್."

ಇವಳ ಟಿಕೆಟ್! ನನ್ನ ತಲೆಗೆ ಹೊಳೆಯದೆ ಹೋಯಿತಲ್ಲ. ಅಲ್ಲಿ ನಿಂತಿದ್ದ ದೊಡ್ಡವರಲ್ಲಿ ಒಬ್ಬರಿಗೂ ಹೊಳೆಯದೆ ಹೋಯಿತಲ್ಲ.

ಕೊನೆಗೆ ಬಂದ ಮಗ ಫೋನ್ ಮುಂದೆ ಹಿಡಿದ. "ನಿನಗೋಸ್ಕರ ಫುಲ್ ವಿಡಿಯೋ ಮಾಡಿದೀನಿ ಅಮ್ಮಾ. ಒಳಗೆ ಒಂದೇ ನೂಕುನುಗ್ಗಲು. ಇದರಲ್ಲೇ ಚೆನ್ನಾಗಿ ಕಾಣತ್ತೆ, ಆನೆಸ್ಟ್ಲೀ."

ನಾನು ಫೋನನ್ನು ನೋಡಲಿಲ್ಲ. "ಹೋಗು, ಮೊಸರನ್ನ ಆರಿಹೋಗತ್ತೆ," ಅಂದೆ. ಮೊಸರನ್ನ ಆರುವುದೇನು ಬಂತು! ಸಿಟ್ಟಿನಲ್ಲಿ ಸರಿಯಾದ ಮಾತೂ ಸಿಗಲಿಲ್ಲ.

ಮರುದಿನ ಕೈರೋ ಏರ್‌ಪೋರ್ಟ್. ಬಾಗಿಲಿನಲ್ಲೇ ಕುರ್ಚಿ ಕಾದಿತ್ತು. ತಳ್ಳುವವರು ನನಗಿಂತ ಒಂದೆರಡು ವರ್ಷವಷ್ಟೇ ಚಿಕ್ಕವರಿರಬೇಕು, ಬಿಳಿಗಡ್ಡ, ಬಾಗಿದ ಬೆನ್ನು. ಬಂದ ದಿನ ನನ್ನನ್ನು ತಳ್ಳಿದವರು ಯಾರೆಂದು ನಾನು ತಿರುಗಿಯೂ ನೋಡಿರಲಿಲ್ಲ.

"ನೋ, ಥ್ಯಾಂಕ್ ಯೂ," ಅಂದೆ ಅವರಿಗೆ.

"ಅಮ್ಮಾ, ಕ್ಯೂ ನೋಡು. ಒಂದು ಗಂಟೆ ಆಗತ್ತೆ."

"ಆಗಲಿ. ನಿಲ್ಲು."

"ಅತ್ತೆ, ನನ್ನ ಕಾಲಲ್ಲಿ ಬೊಬ್ಬೆ ಬಂದಿದೆ, ಹೊಸ ಚಪ್ಪಲಿ..."

"ಹಾಗಾದ್ರೆ ನೀನು ಕೂತ್ಕೋ ಅಮ್ಮ. ಕುರ್ಚಿ ಬಂದಿದೆಯಲ್ಲ."

ಅವಳು ಕೆಂಪಾದಳು. ಬಿಳಿಗಡ್ಡದವರು ನಮ್ಮಿಬ್ಬರ ಮುಖವನ್ನೂ ಒಂದೊಂದು ಸಲ ನೋಡಿ, ಖಾಲಿ ಕುರ್ಚಿ ತಳ್ಳಿಕೊಂಡು ಹೋದರು. ನಾವು ನಿಂತೆವು. ನಮ್ಮ ಗುಂಪಿನ ಹದಿನಾಲ್ಕೂ ಜನ ಅದೇ ಸಾಲಿನಲ್ಲಿ. ಎಲ್ಲರಿಗೂ ಎಲ್ಲವೂ ಗೊತ್ತಾಯಿತು. ಮುಕ್ಕಾಲು ಗಂಟೆ ಕಳೆದ ಮೇಲೆ ಮಗ ಮೆಲ್ಲಗೆ ಕೇಳಿದ, "ಕಾಲು ನೋಯ್ತಿದ್ಯಾ ಅಮ್ಮಾ?"

"ಇಲ್ಲ," ಅಂದೆ. ಶುದ್ಧ ಸುಳ್ಳು. ಮಂಡಿ ಎರಡೂ ಸಿಡಿಯುತ್ತಿದ್ದವು.

ಖಲೀಫಾ ಸಿಟಿಗೆ ಬಂದ ಮೇಲೆ, ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ, ಮಗ ಕಳಿಸಿದ್ದ ಆ ವಿಡಿಯೋ ತೆಗೆದೆ. ಒಂದು ನಿಮಿಷವೂ ಇಲ್ಲ. ನೀಲಿ ಇತ್ತು, ಹಳದಿಯ ಪಾದಗಳು ಕಂಡವು, ಉದ್ದನೆಯ ಮೈ, ಒಳಗೆ ಸಾಲಾಗಿ ಸೂರ್ಯನ ಬಿಂಬಗಳು. ಬಾಯಿಯ ಹತ್ತಿರ ಬರುವಷ್ಟರಲ್ಲಿ ಯಾರದೋ ಸೆಲ್ಫಿ ಕಡ್ಡಿ ಅಡ್ಡ ಬಂತು. ಅಲ್ಲಿಗೆ ಮುಗಿಯಿತು. ನಾಲ್ಕು ಸಲ ನೋಡಿದೆ. ನಾಲ್ಕೂ ಸಲ ಅದೇ ಕಡ್ಡಿ.

ಸಂಜೆ ಮಗನಿಗೆ ಹೇಳಿದೆ, "ಫೆಬ್ರವರಿಯಲ್ಲಿ ನಾನು ಮತ್ತೆ ಹೋಗ್ತೀನಿ. ಒಬ್ಬಳೇ. ಟಿಕೆಟ್ ನನ್ನೆದುರಿಗೇ ಮಾಡು, ಯಾವುದು ಒತ್ತುತ್ತೀಯ ಅಂತ ನಾನು ನೋಡ್ಬೇಕು."

"ಇನ್ಶಾಲ್ಲಾ, ಅಮ್ಮಾ," ಅಂದ, ಲ್ಯಾಪ್‌ಟಾಪಿನಿಂದ ತಲೆಯೆತ್ತದೆ.

ಈ ದೇಶದಲ್ಲಿ ನಲವತ್ತು ವರ್ಷ ಕಳೆದಿದ್ದೇನೆ. 'ದೇವರಿಚ್ಛೆ' ಎಂಬ ಆ ಮಾತು ನಮ್ಮವರ ಬಾಯಿಂದ ಬಂದರೆ ಅದು ಆಗದ ಕೆಲಸ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮರುದಿನದಿಂದ ಎಂಟು ರೌಂಡನ್ನು ಹತ್ತು ಮಾಡಿದ್ದೇನೆ. ಒಂಬತ್ತನೆಯದಕ್ಕೆ ಮಂಡಿ ಸಿಡಿಯಲು ಶುರುವಾಗುತ್ತದೆ. ಸಿಡಿಯಲಿ. ಆ ಇಳಿಜಾರು ಇಳಿದರಷ್ಟೇ ಸಾಲದು, ಹತ್ತಿ ಹೊರಗೂ ಬರಬೇಕಲ್ಲ.